ಉಪಗ್ರಹದ ಕಣ್ಣಿಗೆ ಕಂಡ ಊರಿನ ಕಾವು

ಊರಿನ ಹವೆ ಬೇರೆ, ಅಡವಿಯ ಹವೆ ಬೇರೆ ಎಂಬುದು ವೈಶಾಖದ ರಾತ್ರಿಯಲ್ಲಿ ತೋಟದ ವಸತಿಯನ್ನು ಬಿಟ್ಟು ಪೇಟೆಗೆ ಬಂದು ಮಲಗಿದವರಿಗೆಲ್ಲ ಗೊತ್ತಿರುವ ಸಂಗತಿ. ತೋಟದಲ್ಲಿ ನಡುರಾತ್ರಿಗೆ ಗಾಳಿ ತಣ್ಣಗಾಗಿ ಕಣ್ಣು ಹತ್ತುತ್ತದೆ; ಪೇಟೆಯ ಓಣಿಯಲ್ಲಾದರೋ ಬೆಳಗಿನ ಜಾವದವರೆಗೂ ಗೋಡೆಗಳು ಝಳವನ್ನು ಉಗುಳುತ್ತಲೇ ಇರುತ್ತವೆ. ಎಲ್ಲರ ಅನುಭವಕ್ಕೂ ಬಂದ ಈ ಮಾತನ್ನು ಉಷ್ಣಮಾಪಕದಿಂದ ಅಳೆದು ಬರೆದಿಟ್ಟವರಲ್ಲಿ ಲಂಡನ್ನಿನ ಲ್ಯೂಕ್ ಹೊವಾರ್ಡನು ಮೊದಲಿಗನು. ಅವನ ಕಸುಬು ಔಷಧಿಗಳ ತಯಾರಿಕೆ. ಆಕಾಶವನ್ನು ನೋಡುವುದು ಹವ್ಯಾಸ. ೧೮೦೨ರಲ್ಲಿ ಮೋಡಗಳನ್ನು ವಿಂಗಡಿಸಿ ಅವುಗಳಿಗೆ ಹೆಸರಿಟ್ಟವನೂ ಅವನೇ. ಲಂಡನ್ನಿನ ಹವೆಯನ್ನು ಕುರಿತು ೧೮೧೮ರಿಂದ ೧೮೨೦ರ ಅವಧಿಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಗರದ ರಾತ್ರಿಯು ಹೊರಗಿನ ಹಳ್ಳಿಗಾಡಿನ ರಾತ್ರಿಗಿಂತ ಫ್ಯಾರನ್‌ಹೀಟ್ ಮಾನದಲ್ಲಿ ಸುಮಾರು ೩.೭ ಡಿಗ್ರಿ ಹೆಚ್ಚು ಬೆಚ್ಚಗಿರುವುದೆಂದು ಅವನು ತೋರಿಸಿದನು. ಹಗಲಿನಲ್ಲಿ ಅಂಥ ಹೆಚ್ಚಳವು ಅವನಿಗೆ ಕಾಣಲಿಲ್ಲ. ರಾತ್ರಿ ಮತ್ತು ಹಗಲುಗಳ ಈ ಭೇದವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ನಮಗೆ ಕೆಲಸವಿದೆ.

ಊರು ಕಾಯುವುದೇಕೆ? ಕಲ್ಲು, ಇಟ್ಟಿಗೆ, ಸಿಮೆಂಟು, ಡಾಂಬರುಗಳು ಹಗಲೆಲ್ಲ ಬಿಸಿಲನ್ನು ಹೀರಿ ಕೂಡಿಟ್ಟು, ರಾತ್ರಿಯಲ್ಲಿ ಮೆಲ್ಲಗೆ ಬಿಡುತ್ತವೆ. ಓಣಿ ಇಕ್ಕಟ್ಟಾದಷ್ಟೂ ಗೋಡೆಗೆ ಕಾಣುವ ಆಕಾಶ ಕಿರಿದಾಗುವುದರಿಂದ, ಒಂದು ಗೋಡೆ ಬಿಟ್ಟ ಕಾವನ್ನು ಎದುರಿನ ಗೋಡೆ ಹಿಡಿದುಕೊಳ್ಳುತ್ತದೆ. ವಾಹನಗಳೂ ಯಂತ್ರಗಳೂ ಶ್ರೀಮಂತರ ಮನೆಗಳನ್ನು ತಂಪುಗೊಳಿಸುವ ಪೆಟ್ಟಿಗೆಗಳೂ ತಮ್ಮ ಪಾಲನ್ನು ಸೇರಿಸುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದುದು ನೀರಿನ ಅಭಾವ. ಮಣ್ಣಿನ ಹರವಿಯ ನೀರು ಬೇಸಗೆಯಲ್ಲಿ ತಣ್ಣಗಿರುವುದು ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವುದರಿಂದ. ಹೋಗುವಾಗ ಅದು ಕಾವನ್ನು ಕೊಂಡೊಯ್ಯುತ್ತದೆ. ಒಂದು ಗ್ರಾಮು ನೀರು ಆವಿಯಾಗಲು ಸುಮಾರು ೫೮೦ ಕ್ಯಾಲರಿ ಉಷ್ಣ ಬೇಕು. ಮರವೂ ಇದೇ ರೀತಿಯಲ್ಲಿ ಎಲೆಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತದೆ. ಬೇರಿಗೆ ನೀರು ದೊರೆತಿರುವ ದೊಡ್ಡ ಮರವೊಂದು ದಿನಕ್ಕೆ ನೂರು ಲೀಟರು ನೀರನ್ನು ಹೀಗೆ ಬಿಟ್ಟಿತೆಂದು ಇಟ್ಟುಕೊಳ್ಳಿರಿ. ಅದು ಕೊಂಡೊಯ್ದ ಉಷ್ಣವನ್ನು ವಿದ್ಯುತ್ತಿನ ಲೆಕ್ಕಕ್ಕೆ ತಂದರೆ ಸುಮಾರು ೬೭ ಯುನಿಟ್ಟು ಆಗುತ್ತದೆ. ಮೇಲಿನ ತರಗತಿಯವರು ಈ ಗಣಿತವನ್ನು ತಾವೇ ಮಾಡಿ ನೋಡತಕ್ಕದ್ದು. ನೆಳಲಿನ ಲಾಭ ಬೇರೆಯೇ ಉಂಟು. ನೀರಿಲ್ಲದ ಮರ ಮಾತ್ರ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಬಿಡುತ್ತದೆ. ಆಗ ಉಳಿಯುವುದು ನೆಳಲೊಂದೇ.

ಇಷ್ಟು ತಿಳಿದರೂ, ಊರಿನ ಯಾವ ಭಾಗ ಎಷ್ಟು ಕಾದಿದೆ, ಎಲ್ಲಿ ಮರ ಬೇಕು ಎಂಬುದು ತಿಳಿಯುವುದಿಲ್ಲ. ಓಣಿ ಓಣಿಗೆ ಉಷ್ಣಮಾಪಕವನ್ನು ತೂಗುಹಾಕಲು ಯಾವ ನಗರಪಾಲಿಕೆಗೂ ಆಗದು. ಇಲ್ಲಿಯೇ ಕೃತಕ ಉಪಗ್ರಹಗಳು ನೆರವಿಗೆ ಬರುತ್ತವೆ.

ಕಣ್ಣಿಗೆ ಕಾಣುವ ಬೆಳಕಿನ ಕೆಂಪು ತುದಿಯಿಂದಾಚೆಗೂ ಕಿರಣಗಳಿವೆಯೆಂಬುದನ್ನು ೧೮೦೦ರಲ್ಲಿ ವಿಲಿಯಂ ಹರ್ಷೆಲ್ಲನು ಕಂಡುಹಿಡಿದನು. ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಬಿಡಿಸಿ, ಕೆಂಪಿನಾಚೆಯ ಕತ್ತಲೆಯಲ್ಲಿ ಉಷ್ಣಮಾಪಕವನ್ನಿಟ್ಟಾಗ ಪಾದರಸವು ಏರಿತು. ಇವುಗಳಿಗೆ ಅವಗೆಂಪು ಕಿರಣಗಳೆಂದು ಹೆಸರು. ಕಾದ ವಸ್ತುಗಳೆಲ್ಲವೂ ಇಂಥ ಕಿರಣಗಳನ್ನು ಸೂಸುತ್ತವೆ. ಹೆಚ್ಚು ಕಾದುದು ಹೆಚ್ಚು ಸೂಸುತ್ತದೆ. ರೊಟ್ಟಿಯ ಹಂಚನ್ನು ಮುಟ್ಟದೆಯೇ ಅಂಗೈಯನ್ನು ಸಮೀಪಕ್ಕೆ ಹಿಡಿದು ಕಾದಿದೆಯೋ ಇಲ್ಲವೋ ಎಂದು ನಿಮ್ಮ ತಾಯಂದಿರು ತಿಳಿಯುವುದಿಲ್ಲವೇ? ಉಪಗ್ರಹವು ಅದೇ ಕೆಲಸವನ್ನು ನೂರಾರು ಕಿಲೋಮೀಟರು ಎತ್ತರದಿಂದ ಮಾಡುತ್ತದೆ.

ಅಮೆರಿಕದವರ ಲ್ಯಾಂಡ್‌ಸ್ಯಾಟ್ ಮಾಲೆಯ ಮೊದಲನೆಯ ಉಪಗ್ರಹವು ೧೯೭೨ರ ಜುಲೈ ತಿಂಗಳಲ್ಲಿ ಹಾರಿತು. ಅದರ ಎಂಟನೆಯದು ೨೦೧೩ರಲ್ಲಿಯೂ ಒಂಬತ್ತನೆಯದು ೨೦೨೧ರಲ್ಲಿಯೂ ಮೇಲೇರಿ, ೭೦೫ ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿವೆ. ಒಂದೊಂದೂ ಹದಿನಾರು ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಬರುವುದು. ಎರಡೂ ಕೂಡಿ ಎಂಟು ದಿನಗಳಿಗೊಮ್ಮೆ. ನಮ್ಮ ಭಾಗದ ಮೇಲೆ ಹಾಯುವ ಹೊತ್ತು ಮುಂಜಾನೆ ಹತ್ತರಿಂದ ಹನ್ನೊಂದರ ನಡುವೆ. ಅವು ನೆಲವನ್ನು ಚೌಕಗಳಾಗಿ ವಿಂಗಡಿಸಿ ನೋಡುತ್ತವೆ. ಕಾವನ್ನಳೆಯುವ ಚೌಕವು ನೂರು ಮೀಟರು ಉದ್ದ, ನೂರು ಮೀಟರು ಅಗಲ. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಸುಮಾರು ಎರಡೂವರೆ ಎಕರೆ. ಬಣ್ಣಗಳನ್ನು ನೋಡುವ ಚೌಕವು ಮೂವತ್ತು ಮೀಟರಿನದು, ಅಂದರೆ ಒಂಬತ್ತು ಗುಂಟೆ. ಯುರೋಪಿನವರು ೨೦೧೫ರಿಂದ ಹಾರಿಸಿದ ಸೆಂಟಿನೆಲ್-೨ ಉಪಗ್ರಹಗಳು ಬಣ್ಣಗಳನ್ನು ಹತ್ತು ಮೀಟರಿನ ಚೌಕದಲ್ಲಿ ನೋಡಬಲ್ಲವು. ಅದು ಹೆಚ್ಚು ಕಡಿಮೆ ಒಂದೇ ಗುಂಟೆ. ಲ್ಯಾಂಡ್‌ಸ್ಯಾಟಿನ ಚಿತ್ರಗಳು ೨೦೦೮ರಿಂದ ಜಗತ್ತಿನ ಯಾರಿಗಾದರೂ ಪುಕ್ಕಟೆಯಾಗಿ ದೊರೆಯುತ್ತವೆ. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ೧೯೮೮ರ ಮಾರ್ಚಿಯಲ್ಲಿ ಭಾರತದ ಮೊದಲ ದೂರಸಂವೇದಿ ಉಪಗ್ರಹಗಳ ಮಾಲೆ ಆರಂಭವಾಯಿತು. ೨೦೦೯ರಲ್ಲಿ ಇಸ್ರೋ ಸಂಸ್ಥೆಯು ‘ಭುವನ್’ ಎಂಬ ನಕಾಶೆಯ ತಾಣವನ್ನು ತೆರೆಯಿತು. ಪಾಲಕರ ಕೈಯೊಳಗಿನ ಮೊಬೈಲಿನಲ್ಲಿಯೇ ತಮ್ಮ ಊರಿನ ಮಾಳಿಗೆಗಳನ್ನು ಅದರಲ್ಲಿ ನೋಡಬಹುದು.

ಹಸಿರನ್ನು ಗುರುತಿಸುವ ಬಗೆ ಇನ್ನೂ ಸೊಗಸಾದುದು. ಜೀವಂತ ಎಲೆಯು ಕೆಂಪು ಬೆಳಕನ್ನು ತನ್ನ ಆಹಾರದ ತಯಾರಿಕೆಗಾಗಿ ನುಂಗಿಬಿಡುತ್ತದೆ. ಕೆಂಪಿನ ನೆರೆಯ ಅವಗೆಂಪನ್ನು ಹೊರಕ್ಕೆ ಎಸೆಯುತ್ತದೆ. ಆದಕಾರಣ ಅವಗೆಂಪಿನಿಂದ ಕೆಂಪನ್ನು ಕಳೆದು, ಬಂದುದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಹಸಿರಿನ ಅಂಕವು ದೊರೆಯುವುದು. ದಟ್ಟವಾದ ಮಾವಿನ ತೋಪೊಂದು ಕೆಂಪಿನಲ್ಲಿ ನೂರಕ್ಕೆ ೫ನ್ನೂ ಅವಗೆಂಪಿನಲ್ಲಿ ೪೫ನ್ನೂ ಮರಳಿಸಿದರೆ, ೪೦ನ್ನು ೫೦ರಿಂದ ಭಾಗಿಸಲು ೦.೮ ಬರುತ್ತದೆ. ಬರಿ ನೆಲವು ಕೆಂಪಿನಲ್ಲಿ ೨೦, ಅವಗೆಂಪಿನಲ್ಲಿ ೨೫ ಮರಳಿಸಿದರೆ, ೫ನ್ನು ೪೫ರಿಂದ ಭಾಗಿಸಲು ೦.೧೧ ಮಾತ್ರ. ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತಲೂ ಕೆಳಗೆ. ಎಂಟನೆಯ ತರಗತಿಯ ಗಣಿತ ಸಾಕು. ಆದರೆ ಇದೇ ಲೆಕ್ಕವನ್ನು ಕೋಟಿ ಚೌಕಗಳಿಗೆ ಗಣಕಯಂತ್ರವು ಕ್ಷಣಮಾತ್ರದಲ್ಲಿ ಮಾಡಿ ಇಡೀ ಜಿಲ್ಲೆಯ ಹಸಿರಿನ ನಕಾಶೆಯನ್ನು ಕೊಡುತ್ತದೆ.

ಈ ಬಗೆಯ ಲೆಕ್ಕದಿಂದ ಕನ್ನಡಿಗರಿಗೆ ತೀರ ಹತ್ತಿರದ ಒಂದು ಸತ್ಯವೂ ಹೊರಬಿದ್ದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಉಪಗ್ರಹಚಿತ್ರಗಳನ್ನು ವರ್ಷವರ್ಷಕ್ಕೆ ಹೋಲಿಸಿ, ೧೯೭೩ರಲ್ಲಿ ಬೆಂಗಳೂರಿನ ನೆಲದ ಶೇಕಡಾ ೬೮ರಷ್ಟಿದ್ದ ಹಸಿರು ನಾಲ್ಕು ದಶಕಗಳಲ್ಲಿ ಶೇಕಡಾ ೧೫ಕ್ಕಿಂತ ಕೆಳಗಿಳಿಯಿತೆಂದು ತೋರಿಸಿದರು. ಚಿತ್ರಗಳಿಲ್ಲದಿದ್ದರೆ ‘ಹಿಂದೆ ಮರಗಳು ಹೆಚ್ಚಿದ್ದವು’ ಎಂಬ ಮುದುಕರ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಿದ್ದರು?

ಇನ್ನು ಎಚ್ಚರಿಕೆಯ ಮಾತು. ನಕಾಶೆಯು ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳದ ಪ್ರಶ್ನೆಗೆ ಉತ್ತರವನ್ನೂ ಹೇಳುವುದಿಲ್ಲ. ಉಪಗ್ರಹವು ಅಳೆಯುವುದು ನೆಲದ ಹಾಗೂ ಮಾಳಿಗೆಯ ಮೇಲ್ಮೈಯ ಕಾವನ್ನು. ನಾವು ಉಸಿರಾಡುವ ಗಾಳಿಯ ಕಾವನ್ನಲ್ಲ. ಬಿಸಿಲಿನಲ್ಲಿ ಡಾಂಬರಿನ ಮೈ ಅರವತ್ತು ಡಿಗ್ರಿಗೆ ಏರಿದಾಗ ಗಾಳಿ ನಲವತ್ತೆರಡರಲ್ಲಿರಬಹುದು. ಮೋಡವಿದ್ದರೆ ಅದಕ್ಕೆ ನೆಲವೇ ಕಾಣದು. ಇನ್ನೊಂದು ಸಂಗತಿಯನ್ನು ನಮ್ಮ ಕಡೆಯವರು ವಿಶೇಷವಾಗಿ ತಿಳಿಯಬೇಕು. ಹೊಳೆಯುವ ಹೊಸ ತಗಡು ಎಷ್ಟೇ ಕಾದರೂ ಅವಗೆಂಪನ್ನು ಬಲು ಕಡಿಮೆ ಸೂಸುತ್ತದೆ. ಆದ್ದರಿಂದ ಪತ್ರಾಸಿನ ಮನೆಗಳ ಸಾಲು, ಲೆಕ್ಕವನ್ನು ಸರಿಯಾಗಿ ತಿದ್ದದಿದ್ದಲ್ಲಿ, ಉಪಗ್ರಹದ ಚಿತ್ರದಲ್ಲಿ ಇರುವುದಕ್ಕಿಂತ ತಂಪಾಗಿ ಕಾಣಬಹುದು. ಒಳಗೆ ಬೀಡಿ ಕಟ್ಟುತ್ತ ಕುಳಿತ ತಾಯಿಗೆ ಆ ತಂಪು ಎಷ್ಟರಮಟ್ಟಿಗೆ ದೊರೆತೀತೆಂಬುದನ್ನು ಹೇಳಬೇಕಾಗಿಲ್ಲ. ಹಸಿರಿನ ನಕಾಶೆಗೂ ಇಂಥದೇ ಕುರುಡುಂಟು: ಕೆರೆಯನ್ನು ಮುಚ್ಚಿಕೊಂಡ ಅಂತರಗಂಗೆಯೂ ಹಾಳು ಜಾಗದ ಬಳ್ಳಾರಿ ಜಾಲಿಯೂ ಅದರ ಕಣ್ಣಿಗೆ ಹಸಿರೇ. ಮೇಲಿನಿಂದ ನೋಡಿದುದನ್ನು ಕೆಳಗೆ ನಡೆದು ನೋಡಿದ ಹೊರತು ಯೋಜನೆಗೆ ಇಳಿಯಲಾಗದು.

ಎಲ್ಲಕ್ಕಿಂತ ಸೋಜಿಗದ ಫಲವು ನಮ್ಮ ದೇಶದ ಊರುಗಳಿಗೇ ಸಂಬಂಧಿಸಿದುದು. ಮುಂಬಯಿಯ ಐ.ಐ.ಟಿ.ಯ ಸಂಶೋಧಕರು ಭಾರತದ ೮೪ ನಗರಗಳನ್ನು ಉಪಗ್ರಹದ ಉಷ್ಣಚಿತ್ರಗಳಿಂದ ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಮಳೆಗಾಲಕ್ಕೆ ಮುಂಚಿನ ಬೇಸಗೆಯ ಹಗಲಿನಲ್ಲಿ ಬಹುಪಾಲು ನಗರಗಳ ಮೇಲ್ಮೈ ಸುತ್ತಲಿನ ಹಳ್ಳಿಗಾಡಿಗಿಂತ ತಂಪಾಗಿಯೇ ಕಂಡಿತು! ಇದೆಂಥ ವಿಪರೀತವೆಂದು ನೀವು ಕೇಳಬಹುದು. ನಮ್ಮ ಎರೆಭೂಮಿಯನ್ನು ನೆನೆಯಿರಿ. ಬಿಳಿಜೋಳದ ಸುಗ್ಗಿ ಮುಗಿದು, ಹೊಲಗಳು ಬರಿದಾಗಿ, ಬಾಯಿಬಿಟ್ಟ ಕರಿಮಣ್ಣು ಮುಂಗಾರಿನ ದಾರಿ ನೋಡುತ್ತ ಬಿಸಿಲಿನಲ್ಲಿ ಬಿದ್ದಿರುತ್ತದೆ. ಆವಿಯಾಗಲು ಅದರಲ್ಲಿ ನೀರಿಲ್ಲ, ನೆಳಲಿಗೆ ಎಲೆಯಿಲ್ಲ. ಊರಿನಲ್ಲಾದರೆ ಅಲ್ಲೊಂದು ಬೇವು, ಇಲ್ಲೊಂದು ನಳದ ಬಚ್ಚಲು, ಗೋಡೆಗಳ ನೆಳಲು ಇದ್ದೇ ಇರುತ್ತವೆ. ರಾತ್ರಿಯ ಚಿತ್ರಗಳಲ್ಲಿ ಮಾತ್ರ ಲೆಕ್ಕವು ತಿರುಗಿ ನಿಲ್ಲುತ್ತದೆ: ಹೊಲ ಬೇಗನೆ ಆರುತ್ತದೆ, ಊರು ಆರುವುದಿಲ್ಲ. ಲಂಡನ್ನಿನ ಹೊವಾರ್ಡನು ಇನ್ನೂರು ವರ್ಷಗಳ ಹಿಂದೆ ಕಂಡ ಭೇದವು ಇಲ್ಲಿ ಬೇರೊಂದು ಕಾರಣದಿಂದ ಮತ್ತೆ ಕಾಣಿಸಿತು.

ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳಂಥ ಒಣನಾಡಿನ ಊರುಗಳಿಗೆ ಹಗಲಿನ ನಕಾಶೆಯೊಂದನ್ನೇ ಹಿಡಿದು ‘ಊರು ತಂಪಾಗಿದೆ’ ಎಂದು ತೀರ್ಮಾನಿಸುವುದು ದೊಡ್ಡ ಪ್ರಮಾದವಾಗುವುದು. ಬಿಸಿಲಿನಲ್ಲಿ ದುಡಿದ ಮೈಗೆ ರಾತ್ರಿಯ ತಂಪು ಬೇಕು. ಅದು ದೊರೆಯದೆ ಎರಡು ಮೂರು ರಾತ್ರಿಗಳು ಕಳೆದರೆ ಮುದುಕರು, ಹಸುಗೂಸುಗಳು, ಬಸುರಿಯರು ಅಪಾಯಕ್ಕೆ ಒಳಗಾಗುತ್ತಾರೆ. ೨೦೧೦ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣತೆಯು ೪೬ ಡಿಗ್ರಿಯನ್ನು ದಾಟಿದಾಗ, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ ೧,೩೪೪ ಸಾವುಗಳು ಹೆಚ್ಚಾಗಿದ್ದುವೆಂದು ಆಮೇಲಿನ ಅಭ್ಯಾಸವು ಎಣಿಸಿತು. ಆ ನಗರವು ೨೦೧೩ರಲ್ಲಿ ಝಳದ ದಿನಗಳಿಗಾಗಿ ಒಂದು ಕ್ರಮಬದ್ಧ ಯೋಜನೆಯನ್ನು ರೂಪಿಸಿತು. ಬಡವರ ಮಾಳಿಗೆಗಳಿಗೆ ಬಿಳಿ ಬಳಿಯುವ ಕಾರ್ಯವೂ ಮುಂದೆ ಅದರಲ್ಲಿ ಸೇರಿತು. ಸುಣ್ಣದ ಒಂದು ಬಕೆಟ್ಟಿಗೆ ಇಷ್ಟು ಬೆಲೆಯುಂಟೆಂದು ನಾವು ಎಣಿಸಿರಲಾರೆವು.

ನಕಾಶೆಯಿಂದ ನಗರವನ್ನು ತಿದ್ದುವ ವಿದ್ಯೆಗೆ ಹಳೆಯ ಮನೆ ಜರ್ಮನಿಯ ಸ್ಟುಟ್‌ಗಾರ್ಟ್. ಬೆಟ್ಟಗಳು ಸುತ್ತುವರಿದ ಬೋಗುಣಿಯಂಥ ತಗ್ಗಿನಲ್ಲಿ ಆ ಊರಿದೆ. ಗಾಳಿ ಆಡುವುದು ಕಡಿಮೆ. ರಾತ್ರಿಯಲ್ಲಿ ಬೆಟ್ಟದ ಮೇಲಿನ ತಂಪು ಗಾಳಿಯು ನೀರಿನಂತೆ ಇಳಿಜಾರಿನಲ್ಲಿ ಹರಿದು ಬಂದರೆ ಮಾತ್ರ ಊರು ಉಸಿರಾಡುತ್ತದೆ. ೧೯೩೮ರಿಂದಲೇ ಅಲ್ಲಿಯ ಪುರಸಭೆಯಲ್ಲಿ ಹವಾಶಾಸ್ತ್ರಜ್ಞನಿಗೆ ಒಂದು ಹುದ್ದೆಯುಂಟು. ವಿಮಾನದಿಂದ ತೆಗೆದ ಉಷ್ಣಚಿತ್ರಗಳನ್ನೂ ಅಳತೆಗಳನ್ನೂ ಕೂಡಿಸಿ ೨೦೦೮ರಲ್ಲಿ ಆ ಪ್ರಾಂತದ ಹವೆಯ ನಕಾಶೆಗಳ ಗ್ರಂಥವನ್ನು ಹೊರತಂದರು. ಗಾಳಿ ಇಳಿದು ಬರುವ ಹಾದಿಗಳು ಅದರಲ್ಲಿ ಗುರುತಾಗಿವೆ. ಆ ಹಾದಿಗೆ ಅಡ್ಡವಾಗಿ ಮನೆ ಕಟ್ಟಲು ಸುಲಭವಾಗಿ ಅಪ್ಪಣೆ ದೊರೆಯುವುದಿಲ್ಲ. ಕೊಲಂಬಿಯಾ ದೇಶದ ಮೆಡೆಯೀನ್ ನಗರವು ೨೦೧೬ರಿಂದ ೨೦೧೯ರ ವೇಳೆಗೆ ರಸ್ತೆಗಳ ಮತ್ತು ಹಳ್ಳಗಳ ಗುಂಟ ಮೂವತ್ತು ಹಸಿರು ಸಾಲುಗಳನ್ನು ಬೆಳೆಸಿ, ಆ ಭಾಗಗಳಲ್ಲಿ ಸುಮಾರು ಎರಡು ಡಿಗ್ರಿ ಉಷ್ಣ ಇಳಿಯಿತೆಂದು ಸಾರಿತು.

ಆದರೆ ನಮ್ಮ ಮನಸ್ಸನ್ನು ಬಹುಕಾಲ ಹಿಡಿದು ನಿಲ್ಲಿಸಿದುದು ಅಮೆರಿಕದ ಒಂದು ಉದಾಹರಣೆ. ೧೯೩೦ರ ದಶಕದಲ್ಲಿ ಅಲ್ಲಿಯ ಸರಕಾರದ ಒಂದು ಸಂಸ್ಥೆಯು ಮನೆಸಾಲಕ್ಕಾಗಿ ನಗರಗಳ ನಕಾಶೆಗಳನ್ನು ಮಾಡಿಸಿ, ಕೇರಿಗಳಿಗೆ ನಾಲ್ಕು ದರ್ಜೆಗಳನ್ನು ಕೊಟ್ಟಿತು. ಬಡವರೂ ಕರಿಯರೂ ವಾಸಿಸುವ ಕೇರಿಗಳಿಗೆ ಬಹುತೇಕ ಕೆಂಪು ಬಣ್ಣವೇ ಬಿದ್ದಿತು. ಕೆಂಪು ಕೇರಿಗೆ ಸಾಲ ಸಿಕ್ಕದು, ಉದ್ಯಾನ ಬಾರದು, ರಸ್ತೆಯ ಮರ ಬಾರದು. ಆ ಕ್ರಮವನ್ನು ಕಾನೂನು ೧೯೬೮ರಲ್ಲಿ ನಿಷೇಧಿಸಿತು. ೨೦೨೦ರಲ್ಲಿ ಮೂವರು ಸಂಶೋಧಕರು ೧೦೮ ನಗರಗಳ ಆ ಹಳೆಯ ನಕಾಶೆಗಳ ಮೇಲೆ ಲ್ಯಾಂಡ್‌ಸ್ಯಾಟಿನ ಬೇಸಗೆಯ ಉಷ್ಣಚಿತ್ರಗಳನ್ನು ಇಟ್ಟು ನೋಡಿದರು. ಶೇಕಡಾ ೯೪ ನಗರಗಳಲ್ಲಿ ಹಿಂದಿನ ಕೆಂಪು ಕೇರಿಗಳೇ ಇಂದಿಗೂ ಹೆಚ್ಚು ಕಾಯುವ ಕೇರಿಗಳು. ದೇಶದ ಸರಾಸರಿಯಲ್ಲಿ ೨.೬ ಡಿಗ್ರಿ ಹೆಚ್ಚು, ಕೆಲವೆಡೆ ೭ ಡಿಗ್ರಿಯವರೆಗೆ. ಕಚೇರಿಯಲ್ಲಿ ಕುಳಿತು ಯಾರೋ ಹಚ್ಚಿದ ಬಣ್ಣವು ಎಂಬತ್ತು ವರ್ಷಗಳ ತರುವಾಯವೂ, ಆ ಕೇರಿಯಲ್ಲಿ ಹುಟ್ಟಿದ ಮಗುವಿನ ನಿದ್ರೆಯನ್ನು ಕೆಡಿಸುತ್ತಿರುವುದನ್ನು ಆಕಾಶದಿಂದ ಕಾಣಬಹುದಾಯಿತು.

ನಕಾಶೆಯ ಮೇಲೆ ನಕಾಶೆಯನ್ನಿಡುವ ಈ ರೀತಿಯೇ ನಗರಯೋಜನೆಯ ತಿರುಳು. ಗಣಕಯಂತ್ರವಿಲ್ಲದೆಯೂ ಇದನ್ನು ತರಗತಿಯಲ್ಲಿ ಮಾಡಬಹುದು. ಊರಿನ ನಕಾಶೆಯ ಮೇಲೆ ಮೂರು ಟ್ರೇಸಿಂಗ್ ಕಾಗದಗಳನ್ನು ತೆಗೆದುಕೊಳ್ಳಿರಿ. ಒಂದರಲ್ಲಿ ರಾತ್ರಿ ಹೆಚ್ಚು ಕಾವಿರುವ ಭಾಗಗಳಿಗೆ ಪೆನ್ಸಿಲಿನಿಂದ ಕಪ್ಪು ಹಾಕಿರಿ; ಎರಡನೆಯದರಲ್ಲಿ ಮರಗಳಿಲ್ಲದ ಭಾಗಗಳಿಗೆ; ಮೂರನೆಯದರಲ್ಲಿ ಜನ ದಟ್ಟವಾಗಿರುವ, ಪತ್ರಾಸಿನ ಮನೆಗಳು ಹೆಚ್ಚಾಗಿರುವ ಭಾಗಗಳಿಗೆ. ಮೂರನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ಎಲ್ಲಿ ಮೂರು ಕಪ್ಪುಗಳು ಸೇರಿ ಅತ್ಯಂತ ಗಾಢವಾಗಿವೆಯೋ ಅಲ್ಲಿ ಮೊದಲ ಸಸಿ ಇಳಿಯಬೇಕು. ಸಾಮಾನ್ಯವಾಗಿ ನಡೆಯುವುದು ಬೇರೆ. ಸಸಿ ನೆಡುವ ಸಮಾರಂಭಗಳು ಮೋಟಾರು ಹೋಗುವಷ್ಟು ಅಗಲವಾದ ರಸ್ತೆಯಲ್ಲಿ, ಮೊದಲೇ ನೆಳಲಿರುವ ಬಂಗಲೆಗಳ ಎದುರಿಗೆ ಜರುಗುತ್ತವೆ. ಸಸಿಗಿಂತ ಹೂವಿನ ಹಾರಗಳೇ ಹೆಚ್ಚಾಗಿರುತ್ತವೆ.

ಇಕ್ಕಟ್ಟಾದ ಓಣಿಯಲ್ಲಿ ಮರಕ್ಕೆ ಜಾಗವೆಲ್ಲಿ ಎಂಬ ಪಾಲಕರ ಪ್ರಶ್ನೆ ನ್ಯಾಯವಾದುದೇ. ಅಂಥಲ್ಲಿ ಮಾಳಿಗೆಗೂ ಪತ್ರಾಸಿಗೂ ಸುಣ್ಣ ಬಳಿಯುವುದು ಮೊದಲ ಉಪಾಯ. ಓಣಿಯ ತುದಿಯ ಚೌಕ, ಬಾವಿಯ ಕಟ್ಟೆ, ಗುಡಿ ಮಸೀದಿಗಳ ಅಂಗಳ, ಶಾಲೆಯ ಆವರಣ ಇವು ಮರದ ಜಾಗಗಳು. ಮರವನ್ನಾರಿಸುವಾಗ ಹೂವಿನ ಚೆಲುವಿಗೆ ಮಾರುಹೋಗದೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಎಲೆ ತುಂಬಿರುವುದನ್ನೇ ಆರಿಸತಕ್ಕದ್ದು. ಯುಗಾದಿಯ ಹೊತ್ತಿಗೆ ಚಿಗುರಿ ಕಡು ಬೇಸಗೆಗೆ ನೆಳಲು ಹಾಸುವ ಬೇವು, ಹೊಂಗೆಗಳಿಗೆ ಈ ಒಣನಾಡಿನಲ್ಲಿ ಸಾಟಿಯಿಲ್ಲ. ಸಸಿಗೆ ಮೊದಲ ಎರಡು ಮೂರು ಬೇಸಗೆಗಳಲ್ಲಿ ನೀರು ಹಾಕುವವರು ಯಾರೆಂಬುದು ಗೊತ್ತಾಗುವವರೆಗೆ ಗುಂಡಿ ತೋಡದಿರುವುದೇ ಲೇಸು.

ಕೆರೆಯ ಮಾತನ್ನು ಹೇಳದೆ ಸೊಲ್ಲಾಪುರದ ವಿಷಯ ಪೂರ್ತಿಯಾಗದು. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಕಥೆಯನ್ನು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವು ಹೇಳುತ್ತದೆ. ಗುಡಿಯನ್ನು ಬಳಸಿ ನಿಂತ ಆ ನೀರು ಇಂದಿಗೂ ಊರಿನ ನಡುವೆಯೇ ಇದೆ. ಹಗಲಿನ ಉಷ್ಣಚಿತ್ರದಲ್ಲಿ ನೀರು ನೆಲಕ್ಕಿಂತ ತಂಪಾಗಿ ಕಾಣುವುದು. ರಾತ್ರಿಯದರಲ್ಲಿ ನೆಲ ಬೇಗ ಆರಿ, ನೀರೇ ಬೆಚ್ಚಗೆ ಕಾಣಬಹುದು. ಕೆರೆಯ ತಂಪು ದಂಡೆಯಿಂದ ಬಹು ದೂರ ಹೋಗುವುದಿಲ್ಲವೆಂಬುದೂ ನಿಜ. ದಂಡೆಯ ಗುಂಟ ಮರಗಳಿದ್ದು, ಗಾಳಿಗೆ ಅಡ್ಡವಾಗಿ ಎತ್ತರದ ಕಟ್ಟಡಗಳಿಲ್ಲದಿದ್ದರೆ ಆ ತಂಪು ಇನ್ನೊಂದೆರಡು ಓಣಿ ಮುಂದುವರಿದೀತು.

ಬರುವ ಏಪ್ರಿಲ್ ತಿಂಗಳಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳ ವಿದ್ಯಾರ್ಥಿಗಳಿಂದ ನಾವು ಒಂದು ಅಭ್ಯಾಸವನ್ನು ಮಾಡಿಸಬೇಕೆಂದಿದ್ದೇವೆ. ಪಾಲಕರ ಒಪ್ಪಿಗೆ ಬೇಕು. ಉಪಗ್ರಹಕ್ಕೆ ಕಾಣದಿರುವುದು ಮನೆಯ ಒಳಗಿನ ಕಾವು. ಅದನ್ನು ಅಳೆಯುವುದೇ ನಿಮ್ಮ ಕೆಲಸ. ಶಾಲೆಯಿಂದ ಕೊಡುವ ಉಷ್ಣಮಾಪಕವನ್ನು ಮಲಗುವ ಕೋಣೆಯಲ್ಲಿ, ಗೋಡೆಗೆ ತಾಗದಂತೆ, ಬಿಸಿಲಾಗಲಿ ಒಲೆಯ ಉರಿಯಾಗಲಿ ಬೀಳದಂತೆ, ನಿಮ್ಮ ಎದೆಯೆತ್ತರಕ್ಕೆ ತೂಗುಹಾಕಿರಿ. ಮುಂಜಾನೆ ಆರು, ಮಧ್ಯಾಹ್ನ ಮೂರು, ರಾತ್ರಿ ಹತ್ತು ಗಂಟೆಗೆ ನೋಡಿ ಬರೆಯಿರಿ. ಮಧ್ಯಾಹ್ನದಲ್ಲಿ ಇದಕ್ಕಾಗಿ ಯಾರೂ ಹೊರಗೆ ತಿರುಗಬಾರದು. ಹತ್ತು ದಿನಗಳ ಅಂಕೆಗಳು ಸಾಕು. ಅದರ ಜೊತೆಗೆ ಮಾಳಿಗೆ ಯಾವುದು, ಮಣ್ಣಿನದೋ, ಕಾಂಕ್ರೀಟಿನದೋ, ಪತ್ರಾಸಿನದೋ. ಅದಕ್ಕೆ ಸುಣ್ಣವಿದೆಯೋ ಇಲ್ಲವೋ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯೊಳಗೆ ಮರವಿದೆಯೋ ಎಂಬುದನ್ನು ಗುರುತಿಸಿರಿ. ಕೋಷ್ಟಕದ ಕೊನೆಯ ಅಂಕಣದಲ್ಲಿ, ಮನೆಯ ಅತ್ಯಂತ ಹಿರಿಯರು ಆ ರಾತ್ರಿ ಎಲ್ಲಿ ಮಲಗಿದರೆಂಬುದನ್ನು ಬರೆಯಲು ಮರೆಯಬೇಡಿರಿ: ಒಳಗೋ, ಅಂಗಳದಲ್ಲೋ, ಮಾಳಿಗೆಯ ಮೇಲೋ.